ಸೋಮವಾರದ ಉಸಿರು

ಸೋಮವಾರ ಬೆಳಗ್ಗೆ ರೋಗಿಗಳನ್ನು ಒಳಗೆ ಬಿಡುವ ಮುಂಚೆ ಅವನು ಗಾಜಿನ ಪೆಟ್ಟಿಗೆಯೊಳಗೆ ಹೋಗಿ, ಸ್ಟೂಲಿನ ಮೇಲೆ ಕೂತು, ಮೂಗಿಗೆ ಕ್ಲಿಪ್ಪು ಹಾಕಿಕೊಳ್ಳುತ್ತಿದ್ದ. ಬಾಯಿಗೆ ರಬ್ಬರಿನ ಕೊಳವೆ. ಹೊರಗೆ ಕಂಪ್ಯೂಟರಿನ ಮುಂದೆ ಗಿಣಿ. ಗಿಣಿ ಎಂದರೆ ಹಕ್ಕಿಯಲ್ಲ, ಮೊದಲ ವರ್ಷದ ಡಾಕ್ಟರು. ದಿನವಿಡೀ ಹೇಳಿದ್ದನ್ನೇ ಹೇಳುವ ಕೆಲಸ ಅವಳ ಪಾಲಿಗೆ ಬಂದದ್ದರಿಂದ ಆ ಹೆಸರು.

“ಪೂರ್ತಿ ಹೊರಗೆ ಬಿಡಿ, ಬಿಡಿ, ಬಿಡಿ, ಇನ್ನೂ ಬಿಡಿ. ಈಗ ಎಳೀರಿ, ಎಳೀರಿ, ಎಳೀರಿ. ಹಿಡ್ಕೊಳ್ಳಿ.”

ಅವನು ಹಿಡಿದುಕೊಳ್ಳುತ್ತಿದ್ದ. ಎದುರು ಗೋಡೆಯ ಮೇಲೆ ಶ್ವಾಸಕೋಶದ ದೊಡ್ಡ ಚಿತ್ರವಿತ್ತು, ಅದರ ಒಂದು ಮೂಲೆ ಅಂಟು ಬಿಟ್ಟು ಮಡಚಿಕೊಂಡಿತ್ತು. ಗಿಣಿ ಹತ್ತು ಎಣಿಸುವಷ್ಟು ಹೊತ್ತು ಅವನು ಆ ಮೂಲೆಯನ್ನೇ ನೋಡುತ್ತಿದ್ದ. ಬಿಡಿ ಎಂದಾಗ ಬಿಡುತ್ತಿದ್ದ. ಪರದೆಯ ಮೇಲೆ ಇಪ್ಪತ್ತೆಂಟು ಎಂದು ಮೂಡುತ್ತಿತ್ತು. “ಸರಿ ಇದೆ ಕಲ್ಲಣ್ಣ” ಎಂದು ಅವಳು ಎದ್ದು ಹೋಗಿ ಬಾಗಿಲು ತೆರೆಯುತ್ತಿದ್ದಳು. ಆ ವಾರದ ರೋಗಿಗಳೆಲ್ಲ ಆ ಇಪ್ಪತ್ತೆಂಟರ ನಂಬಿಕೆಯ ಮೇಲೆ ಒಳಗೆ ಬರುತ್ತಿದ್ದರು.

ಉಸಿರಿನ ಪ್ರಯೋಗಾಲಯಗಳಲ್ಲಿ ಇದೊಂದು ಪದ್ಧತಿ. ಯಂತ್ರದೊಳಗೆ ಎಷ್ಟು ಗಾಳಿ ಹೋಯಿತು ಎಂದು ನೋಡಲು ತೊಡೆಗಾತ್ರದ ಸಿರಿಂಜೊಂದಿದೆ, ಅದನ್ನು ಒತ್ತಿದರೆ ಸಾಕು. ಆದರೆ ಎಳೆದ ಗಾಳಿ ಶ್ವಾಸಕೋಶದ ಗೋಡೆ ದಾಟಿ ರಕ್ತಕ್ಕೆ ಎಷ್ಟು ಸೇರಿತು ಎಂಬ ಅಳತೆ ಸರಿಯಿದೆಯೋ ಇಲ್ಲವೋ ಎಂದು ಸಿರಿಂಜು ಹೇಳಲಾರದು, ಅದಕ್ಕೆ ರಕ್ತವಿರುವ ಮನುಷ್ಯನೇ ಬೇಕು. ಬೀಡಿ ಸಿಗರೇಟು ಮುಟ್ಟದ, ರೋಗರುಜಿನ ಇಲ್ಲದ ಒಬ್ಬನನ್ನು ಗೊತ್ತುಮಾಡಿ ವಾರಕ್ಕೊಮ್ಮೆ ಊದಿಸುತ್ತಾರೆ. ಅವನ ಅಂಕಿ ಹಿಂದಿನ ವಾರದಷ್ಟೇ ಬಂದರೆ ಯಂತ್ರ ನೆಟ್ಟಗಿದೆ ಎಂದು ಅರ್ಥ. ಕಡಿಮೆಯೋ ಹೆಚ್ಚೋ ಬಂದರೆ ಯಂತ್ರ ಕೆಟ್ಟಿದೆ ಎಂದು ಅರ್ಥ. ಅಂಗಡಿಯ ತಕ್ಕಡಿಗೆ ತೂಕದ ಕಲ್ಲು ಇದ್ದ ಹಾಗೆ. ಇಬ್ಬರಿರಬೇಕು ಎಂದು ನಿಯಮ. ಇನ್ನೊಬ್ಬ ಓದು ಮುಗಿಸಿ ಕೆಲಸ ಸಿಕ್ಕಿ ಹೋದ, ಗಿಣಿಗೆ ಚಿಕ್ಕಂದಿನಿಂದ ಉಬ್ಬಸ. ಹಾಗಾಗಿ ಉಳಿದದ್ದು ಇವನೊಬ್ಬನೇ ಕಲ್ಲು, ಅದೇ ಬಾಯಿಂದ ಬಾಯಿಗೆ ಹೋಗಿ ಕಲ್ಲಣ್ಣ.

ಕಲ್ಲಣ್ಣ ಮೂರನೇ ವರ್ಷದ ತರಬೇತಿಯಲ್ಲಿದ್ದ. ಸೇರುವಾಗ ಸಂದರ್ಶನದಲ್ಲಿ “ನಿಮ್ಮ ಸಂಶೋಧನೆಯ ಆಸಕ್ತಿ ಯಾವುದು?” ಎಂದು ಕೇಳಿದ್ದರು. ಇವನ ಮುಂದಿನವನು ಹೃದಯ ಎಂದು ಹೇಳಿ ಆಗಿತ್ತು, ಇವನು ಒಂದು ಇಂಚು ಪಕ್ಕಕ್ಕೆ ಸರಿದು ಶ್ವಾಸಕೋಶ ಎಂದ. ಆಸಕ್ತಿ ಎನ್ನುವುದು ಬಹಳ ಜನಕ್ಕೆ ಹೀಗೇ ಹುಟ್ಟುತ್ತದೆ, ಆಮೇಲೆ ಅದಕ್ಕೆ ಬಾಲ್ಯದ ಕಥೆ ಕಟ್ಟಿಕೊಳ್ಳುತ್ತಾರೆ. ಅವನ ಹಾಸ್ಟೆಲಿನ ಪಕ್ಕದ ಕೋಣೆಯವನು ಗೊರಕೆಯ ಮೇಲೆ ಪ್ರಬಂಧ ಬರೆಯುತ್ತಿದ್ದ, ಅವನ ಗೊರಕೆಗೆ ಇಡೀ ಮಹಡಿ ಎಚ್ಚರವಾಗಿರುತ್ತಿತ್ತು. ಎದುರಿನವನು ನಿದ್ರಾಹೀನತೆಯ ಮೇಲೆ ಬರೆಯುತ್ತಿದ್ದ, ಅವನಿಗೆ ವಿಷಯ ಎಲ್ಲಿಂದ ಸಿಕ್ಕಿತು ಎಂದು ಯಾರೂ ಕೇಳುವ ಅಗತ್ಯವಿರಲಿಲ್ಲ.

ಕಲ್ಲಣ್ಣನ ವಿಷಯ ಮಾತ್ರ ಬಹಳ ಸಪ್ಪೆ. ಆರೋಗ್ಯವಂತರ ಉಸಿರು ಎಷ್ಟಿರುತ್ತದೆ ಎಂದು ಅಳೆಯುವುದು. ಯಂತ್ರದ ಹೊಟ್ಟೆಯಲ್ಲಿರುವ ಲೆಕ್ಕವೆಲ್ಲ ಎಲ್ಲೋ ಬೇರೆ ಕಡೆಯ, ಬೇರೆ ಎತ್ತರದ ಜನರದ್ದು. ನಮ್ಮವರದ್ದು ಎಷ್ಟಿರಬೇಕು ಎಂದು ಯಾರೂ ನೋಡಿರಲಿಲ್ಲ. ಅವನು ರೋಗಿಗಳ ಜೊತೆ ಬಂದ ನೆಂಟರನ್ನು, ಕ್ಯಾಂಟೀನಿನವರನ್ನು, ಬ್ಯಾಂಕಿನ ಕ್ಯಾಷಿಯರನ್ನು ಹಿಡಿದು ತಂದು ಊದಿಸುತ್ತಿದ್ದ. ಊದಿಸುವ ಮುಂಚೆ ಎಲ್ಲರಿಗೂ ಅದೇ ಪ್ರಶ್ನೆ: ಕೆಮ್ಮು ಇದೆಯಾ, ಸಿಗರೇಟು ಸೇದ್ತೀರಾ, ಧೂಳಿನ ಕೆಲಸವಾ, ಮನೆ ಹತ್ರ ಪಾರಿವಾಳ ಇದಾವಾ. ಪಾರಿವಾಳದ ಹಿಕ್ಕೆಯ ಪುಡಿ ಕೆಲವರ ಶ್ವಾಸಕೋಶವನ್ನು ಸದ್ದಿಲ್ಲದೆ ಗಟ್ಟಿ ಮಾಡಿಬಿಡುತ್ತದೆ. ಇದೆ ಎಂದವರನ್ನು ಅವನು ನಯವಾಗಿ ವಾಪಸು ಕಳಿಸುತ್ತಿದ್ದ.

ನಯವಾಗಿ ಎಂದೆ, ಪ್ರೀತಿಯಿಂದ ಎನ್ನಲಿಲ್ಲ. ಅವನಿಗೆ ಒಳಗೆ ಏನೋ ಮರಗಟ್ಟಿಹೋಗಿತ್ತು. ಮೊದಲ ವರ್ಷ ವಾರ್ಡಿನಲ್ಲಿ ಒಬ್ಬ ಮುದುಕ ಅವನ ಕೈ ಹಿಡಿದುಕೊಂಡೇ ಸತ್ತಾಗ ಮೆಟ್ಟಿಲ ಸಂದಿಯಲ್ಲಿ ಕೂತು ಅತ್ತಿದ್ದ. ಅದಾದ ಮೇಲೆ ಯಾರಾದರೂ ಸಾಯುವ ಹೊತ್ತಿಗೆ ಟೀ ಕುಡಿಯಲು ಹೋಗತೊಡಗಿದ. ಆಮೇಲೆ ಯಾರು ಸತ್ತರು, ಯಾರು ಮನೆಗೆ ಹೋದರು ಎಂಬುದು ನೆನಪಿನಲ್ಲಿ ಉಳಿಯುವುದೇ ನಿಂತಿತು. ಸ್ವಂತ ಅಜ್ಜಿ ತೀರಿಕೊಂಡಾಗ ಅವನು ನಾಡಿ ನೋಡಿ, ಗೋಡೆ ಗಡಿಯಾರ ನೋಡಿ, ಹೊತ್ತನ್ನು ಗಟ್ಟಿಯಾಗಿ ಹೇಳಿದ. ವಾರ್ಡಿನ ಅಭ್ಯಾಸ. ಅಮ್ಮ ಅಳುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು.

“ಕಲ್ಲಾಗಿಬಿಟ್ಟೆ ಕಣೋ ನೀನು” ಎಂದಳು. ಆಸ್ಪತ್ರೆಯಲ್ಲಿ ಅವನನ್ನು ಏನೆಂದು ಕರೆಯುತ್ತಾರೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಮೂರನೇ ವರ್ಷದ ಶುರುವಿನಲ್ಲಿ ಇಪ್ಪತ್ತೆಂಟು ಇಪ್ಪತ್ತಾರಾಯಿತು. ಗಿಣಿ ಕೊಳವೆ ಬದಲಿಸಿದಳು. ಮತ್ತೆ ಊದಿದರೂ ಇಪ್ಪತ್ತಾರೇ. ಮುಂದಿನ ತಿಂಗಳು ಇಪ್ಪತ್ತೈದು. ಗ್ಯಾಸಿನ ಸಿಲಿಂಡರು ಬದಲಿಸಿದರು, ಫಿಲ್ಟರು ಬದಲಿಸಿದರು, ಕೋಣೆಯ ಎಸಿ ನಿಲ್ಲಿಸಿ ನೋಡಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆದರೆ ಇಲ್ಲಿ ಕುಣಿಯುವವನನ್ನು ಬಿಟ್ಟು ಊರಿನವರೆಲ್ಲ ಸೇರಿ ನೆಲವನ್ನು ಬೈಯುತ್ತಿದ್ದರು. ಕೊನೆಗೆ ಕಂಪನಿಯ ರಿಪೇರಿಯವನು ಬಂದ. ಅವನು ಅಲ್ಲಿ ಇಲ್ಲಿ ಬಿಚ್ಚಿ, ಮುಚ್ಚಿ, ಯಂತ್ರದಲ್ಲಿ ಏನೂ ತೊಂದರೆ ಕಾಣಿಸುತ್ತಿಲ್ಲ ಎಂದ.

“ಹಾಗಾದ್ರೆ ಅಂಕಿ ಯಾಕೆ ಇಳೀತಾ ಇದೆ?” ಎಂದಳು ಗಿಣಿ.

“ಊದೋರು ಆರಾಮಾಗಿದಾರಾ?” ಎಂದು ಅವನು ತಮಾಷೆಗೆ ಕೇಳಿದ. ಎಲ್ಲರೂ ನಕ್ಕರು. ಕಲ್ಲಣ್ಣನೂ ನಕ್ಕ. ರಿಪೇರಿಯವನಿಗೆ ಇನ್ನೊಂದು ಕಡೆ ಹೋಗುವ ಅವಸರವಿತ್ತು. ಯಂತ್ರದೊಳಗಿನ ಲೆಕ್ಕವನ್ನು ಸ್ವಲ್ಪ ಮೇಲೆತ್ತಿ, ಕಲ್ಲಣ್ಣ ಊದಿದರೆ ಇಪ್ಪತ್ತೆಂಟು ಬರುವ ಹಾಗೆ ಮಾಡಿಟ್ಟ. ಎತ್ತುವುದು ಹೇಗೆಂದು ಗಿಣಿಗೂ ತೋರಿಸಿಕೊಟ್ಟು ಹೋದ. ಅಲ್ಲಿಂದ ಮುಂದೆ ಅಂಕಿ ಇಳಿದಾಗಲೆಲ್ಲ ಅವಳೇ ಚೂರು ಚೂರು ಎತ್ತುತ್ತಿದ್ದಳು. ಹಳೇ ಗಡಿಯಾರಕ್ಕೆ ಕೀ ಕೊಟ್ಟಷ್ಟು ಸಲೀಸಾಗಿ ಆ ಕೆಲಸ ನಡೆಯುತ್ತಿತ್ತು.

ಅವನಿಗೆ ಮೈಯಲ್ಲಿ ಏನೂ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಸುಸ್ತಾಗುತ್ತಿತ್ತು. ಆದರೆ ತರಬೇತಿಯಲ್ಲಿರುವ ಯಾವ ಡಾಕ್ಟರಿಗೆ ಸುಸ್ತಿಲ್ಲ? ಒಣಕೆಮ್ಮು ಬರುತ್ತಿತ್ತು, ಆಸ್ಪತ್ರೆಯ ಎಸಿ ಎಂದುಕೊಂಡ. ಬಟ್ಟೆ ಸಡಿಲವಾದವು, ಕ್ಯಾಂಟೀನಿನ ಊಟ ಎಂದುಕೊಂಡ. ಕೋಣೆಗೆ ಹೋದರೆ ಕಿಟಕಿಯ ಕಟ್ಟೆಯ ಮೇಲೆ, ಕೆಟ್ಟುನಿಂತ ಕೂಲರಿನ ಹಿಂದೆ, ಒಂದು ಜೋಡಿ ಪಾರಿವಾಳ ಗೂಡು ಕಟ್ಟಿಕೊಂಡು ಗುಟರ್ ಗುಟರ್ ಎನ್ನುತ್ತಿದ್ದವು. ಓಡಿಸಲು ಬೇಜಾರಾಗಿ ಬಿಟ್ಟಿದ್ದ. ಒಂದೆರಡು ಮರಿಯೂ ಆಗಿ, ಆಮೇಲೆ ಅವುಗಳ ನೆಂಟರೂ ಬಂದು ಸೇರಿಕೊಂಡಿದ್ದರು. ಅವನ ದಿಂಬಿಗೂ ಅವುಗಳ ಗೂಡಿಗೂ ನಡುವೆ ಇದ್ದದ್ದು ಹರಿದ ಸೊಳ್ಳೆಪರದೆ ಒಂದೇ.

ಪ್ರಬಂಧ ಮಾತ್ರ ಚೆನ್ನಾಗಿ ನಡೆಯುತ್ತಿತ್ತು. ಈ ವರ್ಷ ಅಳೆದವರ ಅಂಕಿಗಳು ಹಿಂದಿನ ವರ್ಷದವರಿಗಿಂತ ಜೋರಾಗಿದ್ದವು. ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ದೊಡ್ಡವರು, ಕನ್ನಡಕ ಮೇಲೇರಿಸಿ ನೋಡಿ, “ನಮ್ಮ ಜನ ನಾವಂದುಕೊಂಡಷ್ಟು ಬಡಕಲಲ್ಲಪ್ಪ” ಎಂದರು. ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಿದರೆ ದೊಡ್ಡ ಸಂಶೋಧನಾ ಕೇಂದ್ರವೊಂದರಲ್ಲಿ ಅವನಿಗೆ ಜಾಗ ಕಾದಿತ್ತು. ಅದನ್ನು ಅವರೇ ಮಾತಾಡಿ ಗಟ್ಟಿ ಮಾಡಿದ್ದರು.

ಆ ಹೊತ್ತಿಗೆ ಅಮ್ಮ ಎದೆ ತೋರಿಸಿಕೊಂಡು ಬನ್ನಿ ಎಂದು ಅಪ್ಪನನ್ನು ಕಳಿಸಿದಳು. ಅಪ್ಪ ಬಸ್ಸು ಓಡಿಸುತ್ತಿದ್ದ ಮನುಷ್ಯ. ಸ್ಟೇರಿಂಗ್ ಹಿಡಿದಷ್ಟು ವರ್ಷ ಸಿಗರೇಟನ್ನೂ ಹಿಡಿದಿದ್ದ. ನಿವೃತ್ತಿಯಾದ ಮೇಲೆ ಅಮ್ಮನ ಕಾಟಕ್ಕೆ ಬಿಟ್ಟು ಎಂಟು ತಿಂಗಳಾಗಿತ್ತು, ಬಿಟ್ಟಾಗಿನಿಂದ ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ. ಅಪ್ಪನಿಗೂ ಮಗನಿಗೂ ಮೊದಲಿಂದ ಮಾತು ಕಡಿಮೆ. ಈಗ ಅಪ್ಪನಿಗೆ ಬಿಟ್ಟ ಸಿಗರೇಟು, ಮಗನಿಗೆ ಪ್ರಬಂಧ ಎಂದು ಇಬ್ಬರಿಗೂ ಒಂದೊಂದು ನೆವ ಸಿಕ್ಕಿತ್ತು.

ಆವತ್ತು ಲಿಫ್ಟು ಕೆಟ್ಟಿತ್ತು. ಪ್ರಯೋಗಾಲಯ ಇರುವುದು ನಾಲ್ಕನೇ ಮಹಡಿಯಲ್ಲಿ. ಉಸಿರಾಟದ ರೋಗಿಗಳ ಪ್ರಯೋಗಾಲಯವನ್ನು ಅಷ್ಟು ಮೇಲೆ ಇಟ್ಟವನ ಬುದ್ಧಿಗೆ ಏನನ್ನೋಣ. ಅಪ್ಪ ಮೊದಲ ತಿರುವಿನಲ್ಲಿ ಕಂಬಿ ಹಿಡಿದು ನಿಂತ. ಎರಡನೆಯದರಲ್ಲಿ ಬಗ್ಗಿ ನಿಂತ. ಮಗನೂ ನಿಂತ. ಮೂರನೆಯ ತಿರುವಿನಲ್ಲೂ ನಿಂತರು. ಮೇಲೆ ಗಿಣಿ ಅಪ್ಪನನ್ನು ಪೆಟ್ಟಿಗೆಯಲ್ಲಿ ಕೂರಿಸಿ ಎಳೀರಿ, ಹಿಡೀರಿ, ಬಿಡಿ ಎಂದಳು. ಬಂದ ಅಂಕಿ ನೋಡಿ ಅವಳೇ ಹುಬ್ಬೇರಿಸಿದಳು. ಅಪ್ಪನ ವಯಸ್ಸಿಗೆ ಇರಬೇಕಾದದ್ದಕ್ಕಿಂತ ಹೆಚ್ಚೇ ಬಂದಿತ್ತು. ವರದಿಯಲ್ಲಿ ‘ಸಹಜ’ ಎಂದು ಅಚ್ಚಾಯಿತು, ಕೆಳಗೆ ಕಲ್ಲಣ್ಣ ಸಹಿ ಹಾಕಿದ. ಅಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದು ಹೋದ.

ವಾರವಾದ ಮೇಲೆ ಅಮ್ಮನ ಫೋನು ಬಂತು.

“ಏನು ಬರೆದುಕೊಟ್ಟೆ ನಿಮ್ಮಪ್ಪಂಗೆ? ಮತ್ತೆ ಶುರು ಹಚ್ಕೊಂಡಿದಾರೆ. ಕೇಳಿದ್ರೆ ಆ ಹಾಳೆ ತೋರಿಸ್ತಾರೆ. ಮಗನೇ ಸಹಿ ಹಾಕಿದಾನೆ, ನಿಂದೇನು ಅಂತಾರೆ.”

“ಬಿಡು ಅಂತ ಹೇಳ್ತೀನಿ.”

“ನಿನ್ನ ಮಾತು ಕೇಳಿದ್ರೂ ಕೇಳಬಹುದು. ಈಗ ಅವರ ಬಾಯಲ್ಲಿ ನೀನೇ. ಮೆಟ್ಟಿಲು ಹತ್ತುವಾಗ ನನಗೋಸ್ಕರ ನಿಂತ, ಮೂರನೇ ಸಲ ನಾನು ಸುಧಾರಿಸ್ಕೊಂಡಿದ್ರೂ ಹೋಗೋಣ ಅನ್ನಲಿಲ್ಲ, ನಿಂತೇ ಇದ್ದ ಅಂತ ಬಂದವರ ಹತ್ರೆಲ್ಲ ಹೇಳ್ತಾ ಇದಾರೆ. ಕಲ್ಲು ಕಲ್ಲು ಅಂತ ಬೈತಿದ್ದೆ ನಿನ್ನ. ನನಗೂ ಖುಷಿ ಆಯ್ತಪ್ಪ.”

ಫೋನಿಟ್ಟ ಮೇಲೆ ಅವನು ಹಾಸಿಗೆಯ ಮೇಲೆ ಕೂತ. ಮೂರನೇ ತಿರುವು ಅವನಿಗೆ ಚೆನ್ನಾಗಿ ನೆನಪಿತ್ತು. ಅಪ್ಪ ಒಂದು ಮೆಟ್ಟಿಲು ಮುಂದೆ ಹೋಗಿ, ತಿರುಗಿ ನೋಡಿ, ವಾಪಸು ಇಳಿದು ನಿಂತಿದ್ದ. ಅಲ್ಲಿ ಕಂಬಿ ಹಿಡಿದುಕೊಂಡಿದ್ದವನು ಅಪ್ಪನಲ್ಲ. ಎಪ್ಪತ್ತರ ಹತ್ತಿರದ, ಎದೆಯಲ್ಲಿ ಹೊಗೆ ತುಂಬಿಕೊಂಡ ಆ ಮನುಷ್ಯನಿಗಿಂತ ಹೆಚ್ಚು ಉಸಿರು ಬೇಕಾಗಿದ್ದದ್ದು ಮೂವತ್ತು ದಾಟದ ಇವನಿಗೆ. ಯಂತ್ರ ಅಪ್ಪನನ್ನು ಹುಡುಗನನ್ನಾಗಿ ಮಾಡಿದ್ದು ಹೇಗೆ ಎಂದು ಒಂದೊಂದೇ ಮೆಟ್ಟಿಲಾಗಿ ಅವನ ತಲೆಗೆ ಹತ್ತಿತು. ಯಂತ್ರ ಮೊದಲಿಂದಲೂ ನೆಟ್ಟಗೇ ಇತ್ತು. ಕಲ್ಲು ಸವೆದಿತ್ತು. ಸವೆದ ಕಲ್ಲಿಗೆ ಸರಿಯಾಗಲಿ ಎಂದು ಇವರು ತಕ್ಕಡಿಯನ್ನು ಬಗ್ಗಿಸಿದ್ದರು. ಈ ವರ್ಷ ಅಳೆದವರೆಲ್ಲ ಗಟ್ಟಿಮುಟ್ಟಾಗಿ ಕಂಡದ್ದು ಅದಕ್ಕೆ. ರೋಗಿಗಳೆಷ್ಟು ಜನ ಸಹಜ ಎಂಬ ಹಾಳೆ ಹಿಡಿದು ಮನೆಗೆ ಹೋಗಿದ್ದರೋ.

ಭಯವಾಗಬೇಕಿತ್ತು, ಆಗಲಿಲ್ಲ. ಹಲ್ಲು ಕೀಳಲು ಇಂಜೆಕ್ಷನ್ ಕೊಟ್ಟ ಮೇಲೆ ದವಡೆಯನ್ನು ಬೆರಳಲ್ಲಿ ಮುಟ್ಟಿ ನೋಡಿದ ಹಾಗೆ ಅವನು ತನ್ನ ಸುದ್ದಿಯನ್ನು ಮುಟ್ಟಿ ಮುಟ್ಟಿ ನೋಡಿದ. ಕಿಟಕಿಯಲ್ಲಿ ಪಾರಿವಾಳಗಳು ಗುಟರ್ ಎಂದವು. ತಲೆಯೆತ್ತಿ ಅವುಗಳನ್ನು ನೋಡಿದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಆ ಗಾದೆ ನೆನಪಾಗಿ ನಗು ಬಂತು, ನಕ್ಕದ್ದಕ್ಕೆ ಕೆಮ್ಮು ಬಂತು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪ್ರಬಂಧ ಒಪ್ಪಿಸಿ, ಜಾಗ ಹಿಡಿದು, ಆಮೇಲೆ ಬೇರೆ ಎಲ್ಲಾದರೂ ಗುಟ್ಟಾಗಿ ಚಿಕಿತ್ಸೆ ತೆಗೆದುಕೊಳ್ಳಬಹುದಿತ್ತು. ಹೇಳಿದರೆ ಒಂದು ವರ್ಷದ ಕೆಲಸ ಕಸದ ಬುಟ್ಟಿಗೆ, ಜಾಗ ಬೇರೆಯವರಿಗೆ. ಮುಂದಿನ ಸೋಮವಾರ ಅವನು ಎಂದಿನಂತೆ ಹೋಗಿ ಊದಿದ. ಇಪ್ಪತ್ತೇಳು ಬಂತು, ಗಿಣಿ ಚೂರು ಎತ್ತಿದಳು. “ಸರಿ ಇದೆ ಕಲ್ಲಣ್ಣ.” ಬಾಗಿಲು ತೆರೆಯಿತು. ಮೊದಲು ಒಳಗೆ ಬಂದವಳು ಹೆಗಲ ಮೇಲೆ ಮಗು ಹೊತ್ತಿದ್ದ ಹೆಂಗಸು. ಸೀರೆಗೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ಕೆಲಸ, ಬೇಗ ದಮ್ಮು ಕಟ್ಟುತ್ತದೆ ಎಂದಳು. ಅವಳಿಗೂ ಸಹಜ ಎಂದೇ ಬಂತು. “ಏನೂ ಇಲ್ವಾ ಡಾಕ್ಟ್ರೇ? ಮನೇಲಿ ಸೋಮಾರಿ ಅಂತಾರೆ” ಎಂದು ಅವಳು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವನು ಸಹಿ ಹಾಕಲು ಪೆನ್ನು ತೆಗೆದ. ಪೆನ್ನು ಅಲ್ಲೇ ನಿಂತಿತು. ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೈ ಓಡಲಿಲ್ಲ, ಅಷ್ಟೇ.

“ಸ್ವಲ್ಪ ಕೂತಿರಿ ತಾಯಿ” ಎಂದು ಅವಳನ್ನು ಬೆಂಚಿನ ಮೇಲೆ ಕೂರಿಸಿ, ಗಿಣಿಯ ಹತ್ತಿರ ಹೋದ. “ನೀನು ಎತ್ತಿದ್ದನ್ನೆಲ್ಲ ಇಳಿಸು. ರಿಪೇರಿಯವನು ಬರೋ ಮೊದಲು ಎಲ್ಲಿತ್ತೋ ಅಲ್ಲಿಗೆ ತಂದು ನಿಲ್ಲಿಸು.”

“ಯಾಕೆ?”

“ನನ್ನ ಊದಿಸು. ಆಮೇಲೆ ಹೇಳ್ತೀನಿ.”

ಅವಳು ಇಳಿಸಿದಳು. ಅವನು ಒಳಗೆ ಕೂತು ಕ್ಲಿಪ್ಪು ಹಾಕಿಕೊಂಡ. ಎಳೀರಿ, ಹಿಡ್ಕೊಳ್ಳಿ, ಬಿಡಿ. ಗಾಜಿನಾಚೆ ಗಿಣಿ ಪರದೆಯನ್ನೇ ನೋಡುತ್ತಿದ್ದಳು. “ಇನ್ನೊಂದ್ಸಲ” ಎಂದಳು. ಊದಿದ. “ಇನ್ನೊಂದ್ಸಲ ಕಲ್ಲಣ್ಣ, ನೀವು ಪೂರ್ತಿ ಎಳೀಲಿಲ್ಲ.” ಎಳೆದ. ಮೂರು ಸಲವೂ ಹದಿನೆಂಟೇ ಬಂತು.

“ಯಂತ್ರ…” ಎಂದು ಶುರು ಮಾಡಿದವಳು ನಿಲ್ಲಿಸಿದಳು. ಮುಖ ತಿರುಗಿಸಿಕೊಂಡು ಕೀಬೋರ್ಡಿನ ಮೇಲಿನ ಧೂಳು ಒರೆಸತೊಡಗಿದಳು. “ಪ್ರತಿ ಸಲ ನಾನೇ ಎತ್ತಿದ್ನಲ್ಲ. ನಿಮ್ಮ ಮುಖ ಒಂದ್ಸಲನೂ ನೋಡಲಿಲ್ಲ ನಾನು.”

“ನಾನೇ ನೋಡ್ಕೊಂಡಿಲ್ಲ ಬಿಡು. ಆ ಹೆಂಗಸನ್ನ ಕರಿ, ಹೊಸದಾಗಿ ಅಳತೆ ತಗೋ.”

ಹೆಂಗಸಿನ ಅಂಕಿ ಕಡಿಮೆ ಬಂತು. ಸೋಮಾರಿಯಲ್ಲ ಎಂದು ಗೊತ್ತಾಗಿ ಅವಳಿಗೆ ಸಮಾಧಾನವಾದ ಹಾಗಿತ್ತು. ರೋಗವಿದೆ ಎಂದು ಕೇಳಿ ಅಷ್ಟು ನಿರಾಳವಾದವರನ್ನು ಅವನು ನೋಡಿರಲಿಲ್ಲ.

ಮಧ್ಯಾಹ್ನ ದೊಡ್ಡವರ ಕೋಣೆಗೆ ಹೋಗಿ ಎಲ್ಲ ಹೇಳಿದ. ಅವರು ಬಹಳ ಹೊತ್ತು ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತಾ ಕೂತರು. ಬೈಯುತ್ತಾರೆ ಎಂದುಕೊಂಡಿದ್ದ, ಅವರು ಅವನ ಉಗುರುಗಳನ್ನು ನೋಡಿದರು. ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು. ಆಮೇಲೆ ಅವನೇ ನೂರಾರು ಜನಕ್ಕೆ ಕೇಳಿದ್ದ ಪ್ರಶ್ನೆಗಳನ್ನು ಅದೇ ಸಾಲಿನಲ್ಲಿ ಕೇಳತೊಡಗಿದರು.

“ಕೆಮ್ಮು?”

“ಇದೆ ಸರ್.”

“ಸಿಗರೇಟು?”

“ಇಲ್ಲ.”

“ಪಾರಿವಾಳ?”

ಅವನು ತಲೆ ತಗ್ಗಿಸಿದ. ದೊಡ್ಡವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಇವತ್ತೇ ಆ ಕೋಣೆ ಖಾಲಿ ಮಾಡು. ಸ್ಕ್ಯಾನ್ ಮಾಡಿಸೋಣ, ಔಷಧಿ ಶುರು ಮಾಡೋಣ. ಹೋದದ್ದರಲ್ಲಿ ಸ್ವಲ್ಪ ವಾಪಸು ಬರುತ್ತೆ, ಎಷ್ಟು ಅಂತ ಹೇಳಲಾರೆ.” ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು: “ಈ ವರ್ಷ ಅಳೆದವರನ್ನೆಲ್ಲ ವಾಪಸು ಕರೀಬೇಕು. ಪ್ರಬಂಧ ಮುಂದಿನ ವರ್ಷಕ್ಕೆ. ಆ ಜಾಗದವರಿಗೆ ನಾನೇ ಫೋನ್ ಮಾಡ್ತೀನಿ, ಕಾಯಲ್ಲ ಅವರು.”

“ಸರಿ ಸರ್” ಎಂದ. ಜಾಗ ಹೋಯಿತು, ವರ್ಷ ಹೋಯಿತು, ಶ್ವಾಸಕೋಶದ ಒಂದು ಪಾಲು ಹೋಯಿತು. ಕಾರಿಡಾರಿನಲ್ಲಿ ನಡೆಯುವಾಗ ಅವನಿಗೆ ಅನ್ನಿಸಿದ್ದು ಹಸಿವು ಮಾತ್ರ.

ವಾಪಸು ಕರೆಯಬೇಕಾದವರಲ್ಲಿ ಮೊದಲನೆಯವನು ಅಪ್ಪ. ಅದನ್ನು ಫೋನಿನಲ್ಲಿ ಹೇಳುವಂತಿರಲಿಲ್ಲ, ಭಾನುವಾರ ಮನೆಗೆ ಹೋದ. ಅಪ್ಪ ಹೊರಗಿನ ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದುತ್ತಿದ್ದ. ಮಗನನ್ನು ನೋಡಿ ಅಡಗಿಸಲೂ ಇಲ್ಲ.

“ಬಾ ಡಾಕ್ಟ್ರೇ. ನಿಮ್ಮಮ್ಮ ದೂರು ಹೇಳಿ ಕರೆಸಿದ್ಲಾ? ನನ್ನ ಇಂಜಿನ್ ಚೆನ್ನಾಗಿದೆ ಅಂತ ನೀನೇ ಬರೆದುಕೊಟ್ಟಿದೀಯ.”

ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತ. “ಆ ಹಾಳೆ ತಪ್ಪು ಅಪ್ಪ. ನೀನು ಇನ್ನೊಂದ್ಸಲ ಬಂದು ಊದಬೇಕು.”

“ಯಂತ್ರ ಕೆಟ್ಟಿತ್ತಾ?”

“ಯಂತ್ರ ಅಲ್ಲ. ಯಂತ್ರ ಸರಿ ಇದೆಯಾ ಅಂತ ನನ್ನ ಊದಿಸಿ ನೋಡ್ತಾರೆ. ನಾನು ಸರಿ ಇದೀನಿ ಅಂತ ಎಲ್ಲರೂ ಅಂದ್ಕೊಂಡಿದ್ವಿ.”

ಅಪ್ಪ ಹೊಗೆ ಬಿಡುವುದನ್ನು ಮರೆತ. ನಿಧಾನವಾಗಿ ಮಗನ ಮುಖ, ಕೊರಳು, ಸಡಿಲವಾದ ಅಂಗಿ ಎಲ್ಲವನ್ನೂ ನೋಡಿದ. ಒಳಗೆ ಅಮ್ಮ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

“ಆವತ್ತು ಮೆಟ್ಟಿಲ ಮೇಲೆ ನಿಂತೆಯಲ್ಲ” ಎಂದ ಅಪ್ಪ. “ಮೂರನೇ ಸಲ.”

“ಹೂಂ.”

“ನನಗೋಸ್ಕರ ಅಲ್ವಾ?”

ಹೌದು ಎಂದುಬಿಡಬಹುದಿತ್ತು. ಅಷ್ಟು ಸುಳ್ಳಿನಿಂದ ಯಾರ ಅಂಕಿಯೂ ಏರುಪೇರಾಗುತ್ತಿರಲಿಲ್ಲ.

“ಅಲ್ಲ ಅಪ್ಪ. ನನಗೆ ಹತ್ತಕ್ಕೆ ಆಗಲಿಲ್ಲ.”

ಅಪ್ಪ ಕೈಯಲ್ಲಿದ್ದ ಸಿಗರೇಟನ್ನು ಕಲ್ಲಿಗೆ ಒತ್ತಿ ಆರಿಸಿದ. ಆಮೇಲೆ ಇಬ್ಬರ ನಡುವೆ ಇನ್ನೂ ನಿಂತಿದ್ದ ಹೊಗೆಯನ್ನು ಎರಡೂ ಅಂಗೈಯಿಂದ ಮಗನ ಮುಖದ ಮುಂದಿನಿಂದ ಬೀಸಿ ಬೀಸಿ ಓಡಿಸತೊಡಗಿದ. ಹೊಗೆ ಹೋದ ಮೇಲೂ ಬೀಸುತ್ತಲೇ ಇದ್ದ. ಆ ದಪ್ಪ ಅಂಗೈಗಳ ಗಾಳಿ ಮುಖಕ್ಕೆ ತಾಗಿದಾಗ ಕಲ್ಲಣ್ಣನಿಗೆ ಎದೆಯಲ್ಲಿ ನೋವಾಯಿತು. ಅದು ರೋಗದ ನೋವಲ್ಲ ಎಂದು ಅವನಿಗೆ ಗೊತ್ತಿತ್ತು. ಮೆಟ್ಟಿಲ ಸಂದಿಯಲ್ಲಿ ಅತ್ತ ಮೇಲೆ ಇದೇ ಮೊದಲ ಸಲ ಅವನ ಕಣ್ಣು ತುಂಬಿತು.

“ಯಾವತ್ತು ಬರಲಿ ನಾನು?” ಎಂದು ಅಪ್ಪ ಕೇಳಿದ.

“ನಾಳೆ. ಲಿಫ್ಟ್ ಇನ್ನೂ ಸರಿಯಾಗಿಲ್ಲ.”

“ಆಗಲಿ” ಎಂದ ಅಪ್ಪ. “ನಿಂತ್ಕೊಂಡು ನಿಂತ್ಕೊಂಡು ಹತ್ತೋಣ.”